ಮುತ್ತತ್ತಿ ದಾರಿಯ ಜಿಂಕೆ, ಬಾಡಿನ ಕ್ಯಾರಿಯರ್

ನನಗೆ ಆ ಜಿಂಕೆ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಗತಿ ಗೊತ್ತಾದವರೆಲ್ಲ ಮೊದಲು ಕೇಳುವುದು ಅದನ್ನೇ. ಎಷ್ಟು ದೊಡ್ಡದಿತ್ತು, ಕೊಂಬಿತ್ತಾ, ಎಡಗಡೆಯಿಂದ ಹಾರಿತಾ ಬಲಗಡೆಯಿಂದ ಹಾರಿತಾ. ನನಗೆ ಗೊತ್ತಿಲ್ಲ ಸ್ವಾಮಿ. ಮುತ್ತತ್ತಿಯ ಹೊಳೆಯಲ್ಲಿ ಊಟದ ಕೈ ತೊಳೆದದ್ದು ಗೊತ್ತು. ಉಗುರಿನ ಸಂದಿಗೆ ಮಸಾಲೆ ಅಂಟಿತ್ತು, ಮರಳು ಹಾಕಿ ಉಜ್ಜಿದೆ. ಅದಾದ ಮೇಲೆ ಗೊತ್ತಿರುವುದು ಮಂಡ್ಯದ ಆಸ್ಪತ್ರೆಯಲ್ಲಿ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು. ನಡುವೆ ನಡೆದದ್ದನ್ನೆಲ್ಲ ಬೇರೆಯವರು ಹೇಳಿ ತುಂಬಿಸಿದರು. ತುಂಬಿಸಿದ್ದನ್ನು ನನ್ನದೇ ನೆನಪು ಅಂದುಕೊಂಡು ಒಂದು ವರ್ಷದ ಮೇಲೆ ಹೊತ್ತು ತಿರುಗಿದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಅದು ಇಳಿಯುವ ಹಾಗೆ ಕಾಣಲಿಲ್ಲ, ಅದಕ್ಕೇ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮಳವಳ್ಳಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವ ಕೆಲಸ. ಅಂಗಡಿಯಲ್ಲಿ ಕೂತು ಮಾಡುವುದು ಅರ್ಧ, ಮಿಕ್ಕ ಅರ್ಧ ಗದ್ದೆ ತೋಟಗಳಲ್ಲಿ. ಪೂರಿಗಾಲಿಯಿಂದ ಒಬ್ಬ ಫೋನು ಮಾಡುತ್ತಾನೆ, ಕಬ್ಬು ಒಣಗ್ತಾ ಅದೆ ಬಾರಪ್ಪ ಅಂತ. ಅಲ್ಲಿ ಕೈ ಮಸಿಯಾಗಿರುವಾಗಲೇ ಮದ್ದೂರಿನ ಕಡೆಯಿಂದ ಇನ್ನೊಬ್ಬ ಕರೆಯುತ್ತಾನೆ. ಗಾಡಿ ಇಲ್ಲದೆ ನನ್ನ ಕಸುಬಿಲ್ಲ. ಗಾಡಿ ಓಡಿಸುವುದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು, ಯಾಕೆ ಮುಚ್ಚಿಡಲಿ. ಮಗಳು ಮೂರು ವರ್ಷದವಳಿದ್ದಾಗಿಂದ ನನ್ನ ಮುಂದೆ ಟ್ಯಾಂಕಿನ ಮೇಲೆ ಕೂತು ಬೆಳೆದವಳು. ಆಮೇಲೆ ಹಿಂದಕ್ಕೆ ಹೋದಳು. ದಿನಾ ಬೆಳಿಗ್ಗೆ ಅವಳನ್ನು ಮಳವಳ್ಳಿಯ ಶಾಲೆಗೆ ಬಿಟ್ಟು ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ದಾರಿಯುದ್ದಕ್ಕೂ ಕಂಡ ಕಂಡ ಬೋರ್ಡುಗಳನ್ನೆಲ್ಲ ನನ್ನ ಕಿವಿಯ ಹತ್ತಿರ ಜೋರಾಗಿ ಓದುತ್ತಿದ್ದಳು. ನನ್ನ ದಿನದ ಒಳ್ಳೆಯ ಭಾಗ ಅದೇ ಆಗಿತ್ತು.

ಗಾಡಿ ಕಲಿಸಿದವನು ನನ್ನ ಭಾವ. ಅಕ್ಕನ ಗಂಡ. ಅಕ್ಕನನ್ನು ಊರೊಳಗೇ ಕೊಟ್ಟದ್ದರಿಂದ ನಮ್ಮ ಮನೆಗೂ ಅವರ ಮನೆಗೂ ನಡುವೆ ಎರಡೇ ಬಾಗಿಲು. ಅಪ್ಪ ಬೇಗ ಹೋದರು, ಆಮೇಲೆ ನನಗೆ ಬೈಯಲು, ಬುದ್ಧಿ ಹೇಳಲು, ಹೆಣ್ಣು ನೋಡಲು ಮುಂದೆ ನಿಂತವನು ಅವನೇ. ಸರ್ಕಾರಿ ಬಸ್ಸಿನ ಡ್ರೈವರು. ಖಾಕಿ ಹಾಕಿಕೊಂಡು ಬೀದಿಯಲ್ಲಿ ನಡೆದರೆ ಊರ ಹುಡುಗರು ಎದ್ದು ನಿಲ್ಲುತ್ತಿದ್ದರು. ಮೊದಲೆಲ್ಲ ನಾನೂ ಅವರು, ಇವರು ಅಂತಲೇ ಮಾತಾಡುತ್ತಿದ್ದೆ. ಈಗ ಬರೆಯಲು ಕೂತರೆ ಅವನು ಅಂತಲೇ ಬರುತ್ತಿದೆ. ಬರಲಿ ಬಿಡಿ.

ಅಕ್ಕನಿಗೆ ಮುತ್ತತ್ತಿಗೆ ಒಂದು ಹರಕೆ ಇತ್ತು. ಹೆಂಡತಿ, ಮಗಳು, ನೆಂಟರನ್ನೆಲ್ಲ ಟೆಂಪೋದಲ್ಲಿ ತುಂಬಿಸಿಕೊಂಡು ಹೋದೆವು. ಭಾವ ಮತ್ತು ನಾನು ನನ್ನ ಗಾಡಿಯಲ್ಲಿ. ಗುಡಿಯಲ್ಲಿ ಹಣ್ಣುಕಾಯಿ ಮುಗಿಸಿ, ದೂರದಲ್ಲಿ ಮರದ ಕೆಳಗೆ ಕಲ್ಲು ಹೂಡಿ ಕುರಿಯ ಬಾಡು ಬೇಯಿಸಿದರು. ಮುದ್ದೆ, ಬಾಡಿನ ಸಾರು, ಅನ್ನ. ಭಾವ ಇನ್ನಿಬ್ಬರನ್ನು ಕರೆದುಕೊಂಡು ಬಂಡೆಯ ಆಚೆ ಹೋಗಿ ಬಂದ, ಬಾಯಿ ವಾಸನೆ ಹೊಡೆಯುತ್ತಿತ್ತು. ಹರಕೆ ಊಟದಲ್ಲಿ ಇದು ಇಲ್ಲದ್ದೇನಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಆವತ್ತು ಒಂದು ಹನಿಯೂ ಮುಟ್ಟಿರಲಿಲ್ಲ. ಅವ್ವನಿಗೆ ಮಂಡಿನೋವು, ಬಂದಿರಲಿಲ್ಲ. ಅವಳಿಗೆ ಅಂತ ಅಕ್ಕ ಒಂದು ಸ್ಟೀಲ್ ಕ್ಯಾರಿಯರಿನಲ್ಲಿ ಬಾಡು ತುಂಬುತ್ತಿದ್ದಳು. ಅದನ್ನು ನೋಡುತ್ತಲೇ ನಾನು ಕೈ ತೊಳೆಯಲು ಹೊಳೆಗೆ ಇಳಿದದ್ದು.

ಈ ಕ್ಯಾರಿಯರಿನ ವಿಚಾರ ಸ್ವಲ್ಪ ಹೇಳಬೇಕು. ಕತ್ತಲಲ್ಲಿ ಬಾಡು ಒಯ್ಯುವುದಾದರೆ ನಮ್ಮ ಕಡೆ ಅದರ ಮೇಲೆ ಒಂದು ಚೂರು ಇದ್ದಿಲು, ಒಂದು ಒಣಮೆಣಸಿನಕಾಯಿ ಇಡುತ್ತಾರೆ. ವಾಸನೆ ಹಿಡಿದು ಗಾಳಿ ಹಿಂದೆ ಬರಬಾರದು ಅಂತ. ಗಾಳಿ ಅಂದರೆ ಬೀಸುವ ಗಾಳಿಯಲ್ಲ, ದೆವ್ವ ಅನ್ನಲು ಹೆದರುವವರು ಬಳಸುವ ಮಾತು. ಅವ್ವನದು ಇದರ ಮೇಲೆ ಇನ್ನೊಂದು ಕಟ್ಟಳೆ. ಬಾಡು ಹಿಡಿದವರು ಮನೆಯ ಹೊಸಿಲು ದಾಟುವ ತನಕ ಅದನ್ನು ನೆಲಕ್ಕೆ ಇಡಕೂಡದು, ದಾರಿಯಲ್ಲಿ ಇನ್ನೊಬ್ಬರ ಕೈಗೆ ಕೊಡಕೂಡದು. ಚಿಕ್ಕವನಿದ್ದಾಗ ಚಿಕ್ಕರಸಿನಕೆರೆಯ ನೆಂಟರ ಮನೆಯಿಂದ ಬರುವಾಗ, ಉಚ್ಚೆ ಹೊಯ್ಯಲು ಅಂತ ಪಾತ್ರೆಯನ್ನು ಕಲ್ಲಿನ ಮೇಲೆ ಇಟ್ಟೆ. ಮನೆಗೆ ಬಂದು ಬಾಯಿ ಬಿಟ್ಟು ಹೇಳಿದೆ. ಅವ್ವ ಅಷ್ಟೂ ಬಾಡನ್ನು ನಾಯಿಗೆ ಸುರಿದು, ಪೊರಕೆ ತಗೊಂಡು ನನಗೆ ನಾಲ್ಕು ಕೊಟ್ಟಳು. ಆವತ್ತಿನಿಂದ ನನ್ನ ಕೈಗೆ ಬಾಡಿನ ಪಾತ್ರೆ ಬಂದರೆ ಪ್ರಾಣ ಹೋದರೂ ಬಿಡುವವನಲ್ಲ. ಇದನ್ನು ನಮ್ಮ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ನಗುತ್ತಿದ್ದರು.

ಮುತ್ತತ್ತಿಯಿಂದ ಹಲಗೂರಿಗೆ ಬರುವ ದಾರಿ ಕಾಡಿನ ನಡುವೆ. ಕತ್ತಲಾದ ಮೇಲೆ ಅಲ್ಲಿ ಜಿಂಕೆ ಗಾಡಿಗೆ ಅಡ್ಡ ಹಾರಿತು. ಗಾಡಿ ಬಿತ್ತು, ಜಿಂಕೆ ಸತ್ತಿತು, ಭಾವನ ಮಣಿಕಟ್ಟು ಮುರಿಯಿತು, ನನ್ನ ಭುಜದ ಮೂಳೆ ಮುರಿದು ತಲೆ ಒಡೆಯಿತು. ಹಿಂದೆ ಬರುತ್ತಿದ್ದ ಟೆಂಪೋದಲ್ಲೇ ಎತ್ತಿ ಹಾಕಿಕೊಂಡು ಹೋದರು. ಬದುಕುವುದು ಅನುಮಾನ ಅಂತ ಮೊದಲ ಎರಡು ದಿನ ಡಾಕ್ಟರು ಹೇಳಿದ್ದರಂತೆ. ಬದುಕಿದೆ. ಕಣ್ಣು ಬಿಟ್ಟಾಗ ಹೆಂಡತಿ ಪಕ್ಕದಲ್ಲಿದ್ದಳು, ನನ್ನ ಮುಖ ನೋಡಿ ಅತ್ತಳು. ಸಂತೋಷಕ್ಕೆ ಅಂದುಕೊಂಡೆ.

ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಭಾವ ಬಂದು ಮಂಚದ ಪಕ್ಕ ಕೂತ. ಏನಾಯ್ತು ಭಾವ ಅಂತ ಕೇಳಿದೆ.

"ನೀನೇ ಓಡುಸ್ತಿದ್ದೆ ಕಣ್ಲಾ. ನೆನಪಿಲ್ವಾ? ಕಾಡು ಇದು, ಒಸಿ ನಿಧಾನ ಅಂತ ಬಡ್ಕಂಡೆ. ಅವ್ವನಿಗೆ ಬಾಡು ಆರೋಯ್ತದೆ ಅಂತ ಜೋರಾಗಿ ಬುಟ್ಟೆ."

ಈ ಕೊನೆಯ ಮಾತಿದೆಯಲ್ಲ, ಅವ್ವನಿಗೆ ಬಾಡು ಆರಿಹೋಗುತ್ತದೆ ಅನ್ನುವುದು, ಅದರಲ್ಲೇ ನಾನು ಬಿದ್ದುಹೋದೆ. ಬೇರೆ ಏನು ಹೇಳಿದ್ದರೂ ಒಂದು ಗಳಿಗೆ ಯೋಚನೆ ಮಾಡುತ್ತಿದ್ದೆನೋ ಏನೋ. ಇದು ಥೇಟ್ ನಾನು ಆಡುವ ಮಾತು. ಇಪ್ಪತ್ತು ವರ್ಷ ನನ್ನನ್ನು ಹತ್ತಿರದಿಂದ ಕಂಡವನು ಮಾತ್ರ ಹಾಗೆ ಅಳತೆಗೆ ಸರಿಯಾಗಿ ಸುಳ್ಳು ಹೊಲಿಯಬಲ್ಲ. ಪೊಲೀಸಿನವರು ಬಂದು ಕೇಳಿದಾಗ, ಹೌದು ಸಾರ್, ನಾನೇ ಓಡಿಸಿದ್ದು ಅಂದೆ. ಜಿಂಕೆ ಸತ್ತದ್ದಕ್ಕೆ ಅರಣ್ಯದವರು ವಿಚಾರಿಸಿದಾಗಲೂ ಅದನ್ನೇ ಹೇಳಿದೆ. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಆ ರೂಮಿನಲ್ಲಿದ್ದ ನಮ್ಮವರಲ್ಲಿ ನನಗೊಬ್ಬನಿಗೇ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನೆಂಟರೆಲ್ಲ ನೋಡಲು ಬಂದರು. ಒಂದು ಭಾನುವಾರ ಅಕ್ಕನ ಮನೆಯಲ್ಲಿ ಎಲ್ಲ ಸೇರಿದ್ದರು, ಮುತ್ತತ್ತಿಗೆ ಬಂದಿದ್ದವರೇ ಹೆಚ್ಚು. ಭಾವನ ಕೈ ಇನ್ನೂ ಕುತ್ತಿಗೆಗೆ ತೂಗುಹಾಕಿತ್ತು. ಆ ಕೈ ನೋಡಿ ನನಗೆ ತಡೆಯಲಾಗಲಿಲ್ಲ. ಈ ಕೈಯಲ್ಲವಾ ಸ್ಟೇರಿಂಗ್ ಹಿಡಿದು ಅಕ್ಕನ ಮನೆ ನಡೆಸುತ್ತಿರುವುದು, ಅದನ್ನು ನಾನು ಮುರಿದೆನಲ್ಲ ಅನಿಸಿತು. ಅಷ್ಟು ಜನರ ಮುಂದೆ ಹೋಗಿ ಅವನ ಕಾಲಿಗೆ ಬಿದ್ದೆ. ನನ್ನ ಭುಜವೂ ವಾಸಿಯಾಗಿರಲಿಲ್ಲ, ಬಗ್ಗುವಾಗ ಜೀವ ಹೋದಂತಾಯಿತು. ತಪ್ಪಾಯ್ತು ಭಾವ, ನನ್ನ ಕ್ಷಮಿಸಿ ಅಂದೆ.

ಅವನು ಒಳ್ಳೆಯ ಕೈಯಿಂದ ನನ್ನ ತಲೆ ಮುಟ್ಟಿ, "ಬುಡು ಬುಡು, ಆಗಿದ್ದು ಆಗೋಯ್ತು. ನಾನೇನೂ ಮನ್ಸಲ್ಲಿ ಮಡೀಕಂಡಿಲ್ಲ," ಅಂದ.

ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗಂಡಸರು ಗೋಡೆ, ಸೂರು, ತಮ್ಮ ಮೊಬೈಲು ನೋಡಿದರು. ಎಂಥ ದೊಡ್ಡ ಮನಸ್ಸು ನನ್ನ ಭಾವನದು ಅಂತ ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡು ಮಲಗಿದ್ದಳು.

ಆಮೇಲೆ ನಾನು ಎರಡು ಕೆಲಸ ಮಾಡಿದೆ. ಬಾಡು ಬಿಟ್ಟೆ. ಒಂದು ಮೂಕಪ್ರಾಣಿಯನ್ನು ಕೊಂದ ಕೈಯಲ್ಲಿ ಇನ್ನೊಂದನ್ನು ಹೇಗೆ ತಿನ್ನಲಿ ಅನ್ನಿಸಿತು. ಮಂಡ್ಯ ಸೀಮೆಯಲ್ಲಿ ನಮ್ಮಂಥ ಒಕ್ಕಲ ಮನೆಯ ಗಂಡಸು ಬಾಡು ಬಿಡುವುದೆಂದರೆ ಸಣ್ಣ ಮಾತಲ್ಲ. ಬೀಗರ ಊಟದಲ್ಲಿ ನನ್ನ ಎಲೆಗೆ ಬೇಳೆಸಾರು ಬಡಿಸುವಾಗ ಬಡಿಸುವವನೇ ಕಿಸಕ್ಕನೆ ನಗುತ್ತಿದ್ದ. ಸ್ವಾಮೇರು ಬಂದ್ರು ಜಾಗ ಬುಡ್ರಪ್ಪ ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಎದುರಿನ ಸಾಲಿನಲ್ಲಿ ಭಾವ ನಲ್ಲಿಮೂಳೆ ಚೀಪುತ್ತಿದ್ದ.

ಎರಡನೆಯದು, ಗಾಡಿ ಬಿಟ್ಟೆ. ಇದು ತಾನಾಗಿ ಬಿಟ್ಟದ್ದಲ್ಲ. ಭುಜ ಕೂಡಿಕೊಂಡ ಮೇಲೆ, ಗಾಡಿ ರಿಪೇರಿಯಾಗಿ ಬಂದ ಮೇಲೆ, ಒಂದು ಬೆಳಿಗ್ಗೆ ಹೊರಗೆ ತೆಗೆದೆ. ಮಗಳು ಯೂನಿಫಾರಂ ಹಾಕಿಕೊಂಡು ನಿಂತಿದ್ದಳು. ಬಾ ಮಗ, ಹತ್ತು ಅಂದೆ. ಅವಳು ಅಮ್ಮನ ಹಿಂದೆ ಸರಿದುಕೊಂಡಳು. ನಾನ್ ಬರಲ್ಲ ಅಂದಳು. ಯಾಕೆ ಅಂದೆ. ರಮಿಸಿದೆ, ಗದರಿದೆ, ಕೈ ಹಿಡಿದು ಎಳೆದೆ. ಕೈ ಕೊಸರಿಕೊಂಡು ಭಾವನ ಮನೆಯ ಕಡೆ ಓಡಿದಳು. ಆವತ್ತು ಅವಳನ್ನು ಶಾಲೆಗೆ ಬಿಟ್ಟದ್ದು ಅವನು. ಡ್ಯೂಟಿ ಇಲ್ಲದ ದಿನಗಳಲ್ಲಿ ಮುಂದೆಯೂ ಅವನೇ ಬಿಡುತ್ತಿದ್ದ, ಮಿಕ್ಕ ದಿನ ಬಸ್ಸು. ಹೆತ್ತ ಮಗಳೇ ಹೆದರುತ್ತಾಳೆ ಅಂದಮೇಲೆ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯಿತು. ಗಾಡಿಗೆ ಟಾರ್ಪಾಲು ಹೊದಿಸಿ ಕೊಟ್ಟಿಗೆಯ ಮೂಲೆಗೆ ತಳ್ಳಿದೆ. ಬಸ್ಸಿಗೆ ಕಾದು, ಕಂಡವರ ಹಿಂದೆ ಕೂತು, ಟೂಲ್ಸ್ ಚೀಲ ಹೊತ್ತುಕೊಂಡು ಗದ್ದೆ ಬದುವಿನ ಮೇಲೆ ನಡೆದೆ. ಹೊತ್ತಿಗೆ ಸರಿಯಾಗಿ ಹೋಗಲಾಗದೆ ಗಿರಾಕಿಗಳು ಬೇರೆಯವರ ಕಡೆ ತಿರುಗಿಕೊಂಡರು. ಅದಕ್ಕೆಲ್ಲ ನನಗೆ ಅಷ್ಟು ಬೇಜಾರಿಲ್ಲ. ಬೆಳಿಗ್ಗೆ ಭಾವನ ಗಾಡಿಯ ಹಿಂದೆ ಮಗಳು ಕೂತು ಹೋಗುವುದನ್ನು ಹಲ್ಲುಜ್ಜುತ್ತಾ ಜಗಲಿಯಲ್ಲಿ ನಿಂತು ನೋಡುತ್ತಿದ್ದೆನಲ್ಲ, ಜೀವ ಹಿಂಡಲು ಅದೊಂದೇ ಸಾಕಾಗಿತ್ತು.

ಅವ್ವನ ಲೆಕ್ಕದಲ್ಲಿ ಇದಕ್ಕೆಲ್ಲ ಕಾರಣ ನಾನೂ ಅಲ್ಲ, ಜಿಂಕೆಯೂ ಅಲ್ಲ. ಅಕ್ಕ ಕ್ಯಾರಿಯರಿಗೆ ಇದ್ದಿಲು ಹಾಕಿರಲಿಲ್ಲ, ಅದಕ್ಕೇ ಗಾಳಿ ಜಿಂಕೆಯ ರೂಪದಲ್ಲಿ ಬಂತು ಅಂತ ಅವಳ ತೀರ್ಮಾನ. ಅಕ್ಕ ಬಂದಾಗಲೆಲ್ಲ ಚುಚ್ಚುತ್ತಿದ್ದಳು. ಅಕ್ಕ ನುಂಗಿಕೊಂಡು ಹೋಗುತ್ತಿದ್ದಳು. ಯಾಕೆ ನುಂಗಿಕೊಳ್ಳುತ್ತಿದ್ದಳು ಅಂತ ನನಗೆ ಆಗ ತಿಳಿಯಲಿಲ್ಲ.

ಹಿರಿಯರ ಹಬ್ಬ ಬಂತು. ಅಪ್ಪನಿಗೆ ಎಡೆ ಇಟ್ಟು ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಕೂತಿದ್ದೆವು. ನನ್ನ ಎಲೆ ಒಂದು ಕಡೆ ಬೇರೆ. ಭಾವ ಊಟ ಮುಗಿಸಿ ಕೈ ಆರಿಸಿಕೊಳ್ಳುತ್ತಿದ್ದ. ಹೊತ್ತು ಇಳಿಯುತ್ತಿತ್ತು. ಅಕ್ಕ ತನ್ನ ಅತ್ತೆಗೆ ಅಂತ ಒಂದು ಪಾತ್ರೆಯಲ್ಲಿ ಬಾಡು ಹಾಕಿಕೊಳ್ಳುವಾಗ ಅವ್ವ ಸುಮ್ಮನಿರಲಾರದೆ ಬಾಯಿ ಹಾಕಿದಳು.

"ಇದ್ಲು ಇಟ್ಕಳವ್ವ. ಅವತ್ತು ಮರ್ತಂಗೆ ಇವತ್ತೂ ಮರೀಬ್ಯಾಡ. ಒಬ್ಬನ ತಲೆ ಒಡ್ಸಿದ್ದು ಸಾಕು."

ಅಕ್ಕ ಸೌಟನ್ನು ಪಾತ್ರೆಗೆ ಬಿಟ್ಟಳು. "ಎಷ್ಟು ಸಲ ಚುಚ್ತೀಯವ್ವ ನೀನು? ಇದ್ಲೂ ಇಟ್ಟಿದ್ದೆ, ಮೆಣಸಿನಕಾಯೂ ಇಟ್ಟಿದ್ದೆ. ಕ್ಯಾರಿಯರ್ ಮುಚ್ಚಿ ತಮ್ಮನ ತೊಡೆ ಮೇಲೆ ನನ್ ಕೈಯಾರ ಮಡಗ್ದೆ. ಅವ್ನು ಹಿಂದೆ ಸರ್ಯಾಗಿ ಕುಂತ್ಕಂಡ ಮೇಲೇ ಇವ್ರು ಗಾಡಿ ಬುಟ್ಟಿದ್ದು."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಅಂತ ಅವಳಿಗೆ ಗೊತ್ತಾಯಿತು. ಮುಖ ಬಿಳುಚಿಕೊಂಡಿತು.

"ಯಾರು ಇಂದೆ ಕುಂತಿದ್ದು?" ಅಂದಳು ಅವ್ವ.

ಭಾವ ಗಂಟಲು ಸರಿಮಾಡಿಕೊಂಡು, "ಅಲ್ಲಿಂದ ಒರಟಾಗ ನಾನೇ ಓಡುಸ್ತಿದ್ದೆ ಕಣತ್ತೆ. ಕಾಡಿನ ಗೇಟತ್ರ ಬದಲಾಯಿಸ್ಕಂಡೋ. ನಾನು ಇಂದಕ್ಕೆ ಬಂದೆ, ಇವ್ನು ಮುಂದಕ್ಕೋದ," ಅಂದ.

"ಬಾಡು ಯಾರ ಕೈಲಿತ್ತು?"

"ನನ್ ಕೈಗೆ ಕೊಟ್ಟ."

"ಸುಳ್ಳು," ಅಂದಳು ಅವ್ವ. ದನಿ ಏರಿಸಲಿಲ್ಲ. "ನನ್ ಮಗ ದಾರೀಲಿ ಬಾಡು ಕೊಡೋನಲ್ಲ. ಅವ್ನು ಕೊಡಾಕಿಲ್ಲ."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಬಾಗಿಲ ಹತ್ತಿರ ನೀರಿನ ಚೊಂಬು ಹಿಡಿದು ನಿಂತಿದ್ದಳು. ಅವಳು ಏನಾದರೂ ಹೇಳುತ್ತಾಳೆ, ಇವೆಲ್ಲ ಸರಿಹೋಗುತ್ತದೆ ಅಂತ ಇನ್ನೂ ಆಸೆ ಇತ್ತು ನನಗೆ. ಅವಳು ಚೊಂಬನ್ನು ಕೆಳಗಿಟ್ಟಳು.

"ಕ್ಯಾರಿಯರ್ ಹಿಡಿ ಇವ್ರ ಕೈಲೇ ಇತ್ತು ಅತ್ತೆ. ಡಬ್ಬಿಯೆಲ್ಲ ಚೆಲ್ಲಾಪಿಲ್ಲಿ ಆಗಿದ್ವು, ಹಿಡಿ ಮಾತ್ರ ಬಿಟ್ಟಿರ್ನಿಲ್ಲ. ಆಸ್ಪತ್ರೆ ತಂಕ ಬಿಡಿಸಾಕೆ ಆಗ್ನಿಲ್ಲ ನಮ್ ಕೈಲಿ."

ಗಾಡಿ ಓಡಿಸುವವನ ಕೈಯಲ್ಲಿ ಕ್ಯಾರಿಯರಿನ ಹಿಡಿ ಹೇಗೆ ಬರುತ್ತದೆ? ನನ್ನಂಥ ದಡ್ಡನಿಗೂ ಇದಕ್ಕೆ ಉತ್ತರ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಹೊಳೆದ ಮೇಲೆ ಇನ್ನೊಂದು ಹೊಳೆಯಿತು. ನಮ್ಮನ್ನು ಎತ್ತಿದ್ದು ಟೆಂಪೋದವರು. ಟೆಂಪೋ ತುಂಬ ಇದ್ದದ್ದು ನೆಂಟರು. ನಾವು ಹೊರಟಾಗ ಯಾರು ಮುಂದೆ ಕೂತರು, ಯಾರು ಹಿಂದೆ ಕೂತರು ಅಂತ ಕಂಡವರು, ಬಿದ್ದಾಗ ನನ್ನ ಕೈಯಲ್ಲಿ ಏನಿತ್ತು ಅಂತ ಕಂಡವರು. ನಾನು ಭಾವನ ಕಾಲಿಗೆ ಬಿದ್ದ ಭಾನುವಾರ ಅಕ್ಕನ ಮನೆಯಲ್ಲಿ ಕೂತಿದ್ದವರೂ ಅವರೇ. ಅವರೆಲ್ಲರಿಗೂ ಗೊತ್ತಿತ್ತು. ಒಬ್ಬರೂ, ಏಯ್ ಏಳೋ ಮೇಲೆ ಅನ್ನಲಿಲ್ಲ. ಗೊತ್ತಿಲ್ಲದವರು ಇಡೀ ನಂಟಸ್ತನದಲ್ಲಿ ಇಬ್ಬರೇ, ಮಂಡಿನೋವಿನ ಅವ್ವ ಮತ್ತು ತಲೆ ಒಡೆದುಕೊಂಡ ನಾನು.

ಎಲೆ ಮಡಚಿ ಎದ್ದೆ. ಕೈ ತೊಳೆಯದೆ ಹಿತ್ತಲಿಗೆ ಹೋದೆ. ಹೆಂಡತಿ ಹಿಂದೆಯೇ ಬಂದಳು.

"ಅಕ್ಕ ಆಸ್ಪತ್ರೆ ಬಾಗ್ಲಲ್ಲಿ ನನ್ ಕಾಲು ಹಿಡ್ಕಂಡ್ರು," ಅಂದಳು. "ಕುಡ್ದು ಓಡ್ಸಿದ್ದು ಅಂತ ಗೊತ್ತಾದ್ರೆ ಡ್ರೈವರ್ ಕೆಲ್ಸ ಓಯ್ತದೆ, ಮಕ್ಳು ಬೀದಿಗೆ ಬೀಳ್ತವೆ ಅಂದ್ರು. ಡಾಕ್ಟ್ರು ನಿಮ್ದು ಏನೂ ಏಳಕಾಗಲ್ಲ ಅಂದಿದ್ರು. ನಂಗೆ ತಲೆ ಓಡ್ನಿಲ್ಲ, ಹೂಂ ಅಂದ್ಬುಟ್ಟೆ."

ಅಂದರೆ ಲೆಕ್ಕ ಹೀಗೆ. ಇವನು ಹೇಗೂ ಸಾಯುತ್ತಾನೆ, ಸಾಯುವವನ ತಲೆಗೆ ಕಟ್ಟಿದರೆ ಕೇಳುವವರು ಯಾರು. ಆಮೇಲೆ ನಾನು ಬದುಕಿಬಿಟ್ಟೆ. ನನ್ನ ಬದುಕು ಅವರಿಗೆ ಒಂದು ತಾಪತ್ರಯವಾಯಿತು. ಕಣ್ಣು ಬಿಟ್ಟಾಗ ಅವಳು ಯಾಕೆ ಅತ್ತಳು ಅಂತ ಈಗ ಅರ್ಥವಾಯಿತು.

"ಬದುಕಿದ ಮೇಲಾದ್ರೂ ಹೇಳಬಹುದಿತ್ತಲ್ಲ," ಅಂದೆ.

"ದಿನಾ ಏಳಣ ಅಂತಿದ್ದೆ."

"ನಾನು ಅವನ ಕಾಲಿಗೆ ಬಿದ್ದಾಗ?"

ಅವಳು ಅಳಲು ಶುರುಮಾಡಿದಳು. ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ, ಮಾಡಲಿಲ್ಲ. ಅವಳಿಗೆ ಹೊಡೆಯಬೇಕು ಅನಿಸಿತು, ಹೊಡೆಯಲಿಲ್ಲ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು, ನಾನು ಬಾಡು ಬಿಟ್ಟೆ ಅಂದಾಗ ನನಗೆ ಅಂತ ಬೇರೆ ಒಗ್ಗರಣೆ ಹಾಕಿ ಕೊಟ್ಟವಳು. ಬೇರೆ ಸೌಟು, ಬೇರೆ ಪಾತ್ರೆ. ಅಷ್ಟು ಅಚ್ಚುಕಟ್ಟಾಗಿ ನೋಡಿಕೊಂಡಳು ಮಹಾತಾಯಿ.

ಭಾವ ಮಾರನೆಯ ದಿನ ಒಬ್ಬನೇ ಕೊಟ್ಟಿಗೆಗೆ ಬಂದ. ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಟಾರ್ಪಾಲು ಹೊದ್ದ ಗಾಡಿಯ ಪಕ್ಕದಲ್ಲಿ ನಿಂತು, "ತಪ್ಪಾಯ್ತು ಕಣ್ಲಾ," ಅಂದ. ಕಣ್ಣಲ್ಲಿ ನೀರೂ ಇತ್ತು, ಇಲ್ಲ ಅನ್ನುವುದಿಲ್ಲ.

"ಎಲ್ಲರ ಮುಂದೆ ಹೇಳಿ. ನಾನು ಎಲ್ಲಿ ಬಿದ್ದೆನೋ ಅಲ್ಲೇ ನಿಂತು, ಅವರನ್ನೆಲ್ಲ ಕರೆದು ಹೇಳಿ. ನನ್ನ ಕಾಲಿಗೆ ಬೀಳುವುದು ಬೇಡ, ದೊಡ್ಡವರು. ಓಡಿಸಿದ್ದು ನಾನು ಅಂತ ಒಂದು ಮಾತು ಹೇಳಿ ಸಾಕು."

ಅವನು ಯೋಚನೆ ಮಾಡಿದ. ನಿಜವಾಗಿ ಯೋಚನೆ ಮಾಡಿದ, ಹಣೆ ಗಂಟು ಹಾಕಿಕೊಂಡು. ಆಮೇಲೆ ಅಂದ, "ಅವ್ರಿಗೆಲ್ಲ ಗೊತ್ತೇ ಐತಲ್ಲ ಕಣೋ. ಗೊತ್ತಿರೋರ್ಗೆ ಇನ್ನೇನು ಏಳಾದು?"

ನನಗೆ ನಗು ಬಂತು. ಇವನ ಬಾಯಿಂದ ಇದಕ್ಕಿಂತ ದೊಡ್ಡ ಸತ್ಯ ಬಂದದ್ದೇ ಇಲ್ಲ. ಹೋಗಿ ಭಾವ, ಡ್ಯೂಟಿಗೆ ಹೊತ್ತಾಗುತ್ತೆ ಅಂದೆ. ಪೊಲೀಸರ ಹತ್ತಿರ ಹೋಗುತ್ತೇನೋ ಅಂತ ಅವನಿಗೆ ಭಯವಿತ್ತು, ಮುಖದಲ್ಲೇ ಕಾಣುತ್ತಿತ್ತು. ನಾನು ಹೋಗಲಿಲ್ಲ, ಹೋಗುವುದೂ ಇಲ್ಲ. ಅಕ್ಕನ ಮಕ್ಕಳು ನನ್ನ ಹೆಗಲ ಮೇಲೆ ಆಡಿದವರು. ಆದರೆ ಇದನ್ನು ಕ್ಷಮೆ ಅಂತ ಯಾರೂ ತಿಳಿಯಬಾರದು. ಅವನ ಮನೆಯ ಹೊಸಿಲು ನಾನು ಆವತ್ತಿನಿಂದ ತುಳಿದಿಲ್ಲ.

ನನಗೆ ಬೇಕಾಗಿದ್ದದ್ದು ಊರವರಲ್ಲ, ನೆಂಟರಲ್ಲ. ಒಬ್ಬಳಿಗೆ ಗೊತ್ತಾಗಬೇಕಿತ್ತು. ಅಪ್ಪ ಕೆಟ್ಟದಾಗಿ ಗಾಡಿ ಓಡಿಸುವವನಲ್ಲ, ಜಿಂಕೆ ಕೊಂದವನಲ್ಲ ಅಂತ ನನ್ನ ಮಗಳಿಗೆ ತಿಳಿದರೆ ಮಿಕ್ಕವರು ಏನಾದರೂ ಅಂದುಕೊಳ್ಳಲಿ. ಟಾರ್ಪಾಲು ಕಿತ್ತು ಬಿಸಾಕಿದೆ. ಟೈರಿಗೆ ಗಾಳಿ ಹಾಕಿಸಿದೆ, ಬ್ಯಾಟರಿ ಚಾರ್ಜ್ ಮಾಡಿಸಿದೆ. ಸೋಮವಾರ ಬೆಳಿಗ್ಗೆ ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ನಿಂತೆ. ಅವಳು ಬ್ಯಾಗು ಹೊತ್ತು ಹೊರಗೆ ಬಂದಳು, ಗಾಡಿ ನೋಡಿ ಜಗಲಿಯ ಮೇಲೆಯೇ ನಿಂತಳು. ನಾನು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದ ಮಾತು.

"ಮಗ, ಆವತ್ತು ಗಾಡಿ ಓಡಿಸಿದ್ದು ನಾನಲ್ಲ."

"ಗೊತ್ತು," ಅಂದಳು.

ನನಗೆ ಕೇಳಿಸಿತೋ ಇಲ್ಲವೋ ಅಂತ ಮತ್ತೆ ಹೇಳಿದಳು. "ಗೊತ್ತು ಅಪ್ಪ. ಟೆಂಪೋದಲ್ಲಿ ನಾನು ಮುಂದಿನ ಸೀಟಲ್ಲಿ ಕೂತಿದ್ದೆ. ಲೈಟಲ್ಲಿ ನಾನೇ ಫಸ್ಟ್ ನೋಡಿದ್ದು. ಮಾವ ಗಾಡಿ ಕೆಳಗಿದ್ರು. ನೀನು ಆ ಕಡೆ ಹುಲ್ಲಲ್ಲಿ ಬಿದ್ದಿದ್ದೆ."

ಇವಳೂ. ಜಗಲಿಯ ಕಂಬ ಹಿಡಿದುಕೊಂಡೆ. ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು, ಅವಳ ಕಡೆ ನಾನು ನೋಡಲಿಲ್ಲ. ಗೊತ್ತಿಲ್ಲದವರು ಅವ್ವ, ನಾನು, ಇಬ್ಬರೇ ಅಂದುಕೊಂಡಿದ್ದು ಸರಿಯಾಗಿಯೇ ಇತ್ತು. ಒಂಬತ್ತು ವರ್ಷದ ಮಗುವನ್ನು ಅವರ ಕಡೆಗೆ ಸೇರಿಸಿ ಎಣಿಸಲು ನನಗೆ ಹೊಳೆದಿರಲಿಲ್ಲ, ಅಷ್ಟೇ.

"ಮತ್ತೆ ಯಾಕೆ ನನ್ನ ಜೊತೆ ಬರಲ್ಲ ಅಂದೆ ಮಗ? ಗಾಡಿಗೆ ಹೆದರಿಕೊಂಡು ಅಲ್ವಾ?"

ಅವಳು ತಲೆ ಅಲ್ಲಾಡಿಸಿದಳು. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು, "ನಾನು ಹೇಳ್ಬಿಟ್ರೆ ಮಾವನ್ನ ಪೊಲೀಸ್ ಎಳ್ಕೊಂಡು ಹೋಗ್ತಾರೆ ಅಂದಿದ್ಲು ಅಮ್ಮ. ಗಾಡೀಲಿ ನಿನ್ ಜೊತೆ ಒಬ್ಳೇ ಬಂದ್ರೆ ನನಗೆ ಹೇಳ್ದೆ ಇರೋಕಾಗಲ್ಲ. ಅದಕ್ಕೇ ಬರ್ತಿರ್ಲಿಲ್ಲ."

ನಾನು ಎದ್ದು ಹೋಗಿ ಗಾಡಿ ಸ್ಟಾರ್ಟ್ ಮಾಡಿದೆ. ಬೇರೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಅವಳು ಜಗಲಿಯಿಂದ ಇಳಿದು ಬಂದು, ಯಾರ ಮುಖವನ್ನೂ ನೋಡದೆ ಹಿಂದೆ ಹತ್ತಿದಳು. ಉದ್ದವಾಗಿದ್ದಾಳೆ, ಈಗ ಅವಳ ಗಲ್ಲ ನನ್ನ ಭುಜಕ್ಕೆ ತಾಗುತ್ತದೆ, ಮುರಿದು ಕೂಡಿದ ಭುಜಕ್ಕೇ. ಊರು ದಾಟಿ ಕೆರೆ ಏರಿಗೆ ಬರುವ ತನಕ ಬೋರ್ಡುಗಳು ಬಂದವು, ಓದಲಿಲ್ಲ.

ಏರಿಯ ಮೇಲೆ ಶುರುಮಾಡಿದಳು. ಜಿಂಕೆ ಸಣ್ಣದಿತ್ತಂತೆ, ಕೊಂಬಿರಲಿಲ್ಲವಂತೆ, ರಸ್ತೆಯಲ್ಲಿ ಸಾರು ಚೆಲ್ಲಿ ವಾಸನೆ ಬರುತ್ತಿತ್ತಂತೆ. ಕ್ಯಾರಿಯರಿನ ಹಿಡಿ ಬಿಡಿಸಲು ಹೋದವರಿಗೆ ನಾನು, ನೆಲಕ್ಕೆ ಇಡಬೇಡಿ ಅಂದೆನಂತೆ. ಒಂದು ವರ್ಷದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು, ನಾನು ಹೂಂ, ಹೂಂ ಅಂದೆ. ಆ ರಾತ್ರಿಯ ಬಗ್ಗೆ ನನಗೆ ಬೇರೆಯವರು ಹೇಳಿದ್ದರಲ್ಲಿ ನಾನು ನಂಬುವುದು ಇಷ್ಟನ್ನೇ.

ಮಳವಳ್ಳಿ ಬಂತು. ಶಾಲೆಯ ತಿರುವಿನಲ್ಲಿ ನಿಧಾನ ಮಾಡಿದೆ. ಆಗ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು.

"ಅಪ್ಪ, ನೀನು ಮಾವನ ಕಾಲಿಗೆ ಬಿದ್ಯಲ್ಲ. ಈಗ ನಾನು ನಿನ್ ಕಾಲಿಗೆ ಬೀಳ್ಬೇಕಾ?"

ಇಷ್ಟು ದಿನದಲ್ಲಿ ಅದನ್ನು ಕೇಳಿದವರು ಇವಳೊಬ್ಬಳೇ. ಬೇಡ ಮಗ, ಗಟ್ಟಿಯಾಗಿ ಹಿಡ್ಕೊ, ಮುಂದೆ ಹಂಪ್ ಇದೆ ಅಂದೆ.